ಚಿಮಣಿ ಊಟಕ್ಕೆ ಹೋದದ್ದು

ಮನೆಯಿಂದ ಹೊರಡುವ ಮುಂಚೆ ಹೆಂಡತಿ ಅವನಿಂದ ಒಂದೇ ಒಂದು ಮಾತು ತೆಗೆದುಕೊಂಡಿದ್ದಳು. ಊಟ ಮುಗಿಯುವ ತನಕ ಅವನು ತಲೆಯೆತ್ತಿ ಮೇಲೆ ನೋಡಕೂಡದು.

ಅವಳು ಹಾಗೆ ಮಾತು ತೆಗೆದುಕೊಳ್ಳುವುದಕ್ಕೆ ಕಾರಣವಿತ್ತು. ಹೋಟೆಲು, ಬೇಕರಿ, ಆಸ್ಪತ್ರೆಗಳ ಹೊಗೆಕೊಳವೆ ಶುಚಿಮಾಡುವ ಕಂಪನಿಯೊಂದರಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಕೆಲಸಕ್ಕಿದ್ದ. ಕಂಪನಿಯಲ್ಲಿ, ಬೀದಿಯಲ್ಲಿ, ಕೊನೆಗೆ ಹೆಂಡತಿಯ ತವರಿನಲ್ಲಿಯೂ ಅವನಿಗೆ ಚಿಮಣಿ ಎಂದೇ ಹೆಸರು. ಬೇರೆಯವರು ಹೊಸ ಮನೆ ನೋಡಲು ಹೋದರೆ ನೆಲದ ಹೊಳಪು ನೋಡುತ್ತಾರೆ. ಇವನು ನೆಟ್ಟಗೆ ಅಡುಗೆಮನೆಗೆ ನಡೆದು ಒಲೆಯ ಮೇಲೆ ಕತ್ತು ಚಾಚಿ ಮೂಸುತ್ತಿದ್ದ. ನಾದಿನಿಯ ಮದುವೆಯ ದಿನ ಎರಡೂ ಕಡೆಯವರು ಫೋಟೋಕ್ಕೆ ನಿಂತಾಗ ಇವನು ಅಡುಗೆಮನೆಯ ಮಾಡಿನ ಮೇಲಿದ್ದ. ಆ ಫೋಟೋದಲ್ಲಿ ಇಂದಿಗೂ ಅವನ ಹೆಂಡತಿಯ ಪಕ್ಕದಲ್ಲಿ ಒಬ್ಬ ಮನುಷ್ಯನಷ್ಟು ಜಾಗ ಖಾಲಿ ಇದೆ.

ಈ ದಿನ ಊಟ ಹಾಕಿಸುತ್ತಿದ್ದವನು ಆ ಮದುವೆಯ ಗಂಡೇ. ಈಗ ಇವನ ಷಡ್ಡಕ, ವಿಮಾ ಕಂಪನಿಯಲ್ಲಿ ಅಧಿಕಾರಿ. ಆ ವಾರ ಬಡ್ತಿ ಸಿಕ್ಕಿತ್ತು. ಹೊಸದಾಗಿ ಶುರುವಾದ ಕೊರಿಯನ್ ಹೋಟೆಲಿಗೆ ಭಾನುವಾರ ಮಧ್ಯಾಹ್ನ ನಾಲ್ಕೂ ಜನ ಹೋಗೋಣ, ಅಲ್ಲಿ ಮಾಂಸವನ್ನು ನಾವೇ ಮೇಜಿನ ಮೇಲೆ ಸುಟ್ಟುಕೊಂಡು ತಿನ್ನಬೇಕು, ಬಹಳ ಮಜಾ ಇರುತ್ತದೆ ಎಂದು ಫೋನು ಮಾಡಿದ್ದ. ಸುಡುವುದು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಚಿಮಣಿಯ ಮುಖ ಅರಳಿದ್ದನ್ನು ಹೆಂಡತಿ ಕಂಡಿದ್ದಳು. ಮಾತು ತೆಗೆದುಕೊಂಡದ್ದು ಆಗಲೇ.

ಹೋಟೆಲಿನಲ್ಲಿ ಹನ್ನೆರಡು ಮೇಜು, ಹನ್ನೆರಡೂ ಭರ್ತಿ. ಪ್ರತಿ ಮೇಜಿನ ನಡುವೆ ಒಂದು ಗುಂಡಿ, ಗುಂಡಿಯಲ್ಲಿ ಕೆಂಡ, ಕೆಂಡದ ಮೇಲೆ ಕಬ್ಬಿಣದ ಜಾಲರಿ. ಸುತ್ತಲೂ ಅಂಗೈಯಗಲದ ಬಟ್ಟಲುಗಳಲ್ಲಿ ಹುಳಿ ಬರಿಸಿದ ಎಲೆಕೋಸು, ಮೊಳಕೆಕಾಳು, ಕೆಂಪು ಗೊಜ್ಜು, ಒಂದು ಬುಟ್ಟಿ ತುಂಬ ಹಸಿ ಎಲೆ. ಷಡ್ಡಕ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಕತ್ತರಿ ಹಿಡಿದು ರವಿಕೆ ಹೊಲಿಯಲು ಕೂತ ದರ್ಜಿಯ ಹಾಗೆ ಮಾಂಸ ಕತ್ತರಿಸತೊಡಗಿದ. ಎಲ್ಲಿ ಎಷ್ಟು ಸುಡಬೇಕೆಂದು ವಿವರಿಸುವಷ್ಟರಲ್ಲಿ ಮೊದಲ ನಾಲ್ಕು ತುಂಡು ಇದ್ದಿಲಾದವು.

ಚಿಮಣಿ ತಲೆ ತಗ್ಗಿಸಿಯೇ ಕೂತಿದ್ದ. ಆದರೆ ಮಾತು ಕೊಟ್ಟದ್ದು ಕಣ್ಣಿನ ವಿಷಯದಲ್ಲಿ. ಕಿವಿಯನ್ನು ಅವನೇನು ಮಾಡಿಯಾನು? ಪ್ರತಿ ಮೇಜಿನ ಮೇಲೂ ಆನೆಯ ಸೊಂಡಿಲಿನಂತೆ ಒಂದು ಕೊಳವೆ ಇಳಿಬಿದ್ದಿತ್ತು, ಹೊಗೆಯನ್ನು ಎಳೆದುಕೊಳ್ಳಲಿಕ್ಕೆ. ಸರಿಯಿರುವ ಕೊಳವೆ ನಿದ್ದೆ ಬಂದವನ ಹಾಗೆ ಒಂದೇ ಸಮ ಉಸಿರಾಡುತ್ತದೆ. ಈ ಕೊಳವೆ ಗೂರಲು ಹಿಡಿದ ಮುದುಕನ ಹಾಗೆ ಎಳೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಎಳೆಯುತ್ತಿತ್ತು.

"ಏನೋ ಸಿಕ್ಕಿಹಾಕಿಕೊಂಡಿದೆ," ಎಂದು ಅವನು ಮೆಲ್ಲಗೆ ಶುರುಮಾಡಿದ.

ಹೆಂಡತಿ ಒಂದು ಎಲೆ ತೆಗೆದುಕೊಂಡು ಮಾಂಸ, ಬೆಳ್ಳುಳ್ಳಿ, ಗೊಜ್ಜು ಇಟ್ಟು ಮಡಚಿ ಅವನ ಬಾಯಿಗೆ ತುರುಕಿದಳು. ಆ ತುತ್ತನ್ನು ಕಚ್ಚಿ ಬಿಡುವಂತಿಲ್ಲ, ಒಂದೇ ಸಲಕ್ಕೆ ಇಡಿಯಾಗಿ ತಿನ್ನಬೇಕು ಎಂದು ಷಡ್ಡಕ ಆಗಷ್ಟೇ ಹೇಳಿಕೊಟ್ಟಿದ್ದ. ಎರಡು ನಿಮಿಷ ಚಿಮಣಿಯ ಬಾಯಿ ಬಂದ್ ಆಯಿತು. ಅಕ್ಕ ಭಾವನಿಗೆ ಎಷ್ಟು ಪ್ರೀತಿಯಿಂದ ತಿನ್ನಿಸುತ್ತಾಳೆ ನೋಡಿ ಎಂದು ನಾದಿನಿ ಗಂಡನಿಗೆ ಹೇಳಿದಳು. ತುತ್ತು ಇಳಿದ ಮೇಲೆ ಅವನು ಮತ್ತೆ ಬಾಯಿ ತೆರೆದ. ಹೆಂಡತಿಯ ಕೈಯಲ್ಲಿ ಎರಡನೆಯ ಎಲೆ ಸಿದ್ಧವಾಗಿತ್ತು. ಹೀಗೆ ಐದು ತುತ್ತಾದವು.

ಅಷ್ಟರಲ್ಲಿ ಕೋಣೆಯ ಆ ತುದಿಯ ಮೇಜು ಮಸುಕಾಗಿತ್ತು. ಪಕ್ಕದ ಮೇಜಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಒರೆಸಿಕೊಳ್ಳುತ್ತ, ಹೊಗೆ ಇದ್ದರೇ ಇದರ ನಿಜವಾದ ರುಚಿ, ಅವರ ದೇಶದಲ್ಲೂ ಹೀಗೇ ಇರುತ್ತದಂತೆ ಎಂದು ಎಲ್ಲರಿಗೂ ಕೇಳುವಂತೆ ಸಮಾಧಾನ ಹೇಳಿದರು. ಷಡ್ಡಕ ಹೌದೆಂದು ತಲೆಯಾಡಿಸಿ ಕೆಮ್ಮಿದ. ಚಿಮಣಿಗೆ ಇನ್ನು ತಡೆಯಲಾಗಲಿಲ್ಲ. ಆರನೆಯ ಎಲೆಯನ್ನು ಕೈಯಿಂದ ಸರಿಸಿ, ತಲೆಯೆತ್ತಿ ಮೇಲೆ ನೋಡಿ, ಮೇಜಿನ ಅಂಚಿನಲ್ಲಿದ್ದ ಕರೆಗಂಟೆ ಒತ್ತಿದ. ಹೆಂಡತಿ ಆ ಎಲೆಯನ್ನು ತಾನೇ ಬಾಯಿಗೆ ಹಾಕಿಕೊಂಡು ಗೋಡೆ ನೋಡುತ್ತ ಅಗಿಯತೊಡಗಿದಳು.

ಬಂದವಳು ಹೋಟೆಲಿನ ಮಾಲಕಿ. ತೋಳು ಮಡಚಿಕೊಂಡ ಗಟ್ಟಿ ಹೆಂಗಸು. ಕೊಳವೆಯೊಳಗೆ ಏನೋ ಅಡ್ಡ ಬಿದ್ದಿದೆ, ಜಿಡ್ಡು ಹಿಡಿದಿರುತ್ತದೆ, ಒಂದು ಕಿಡಿ ಮೇಲೆ ಹೋದರೆ ಸಾಕು, ಮಾಡು ಹೊತ್ತಿಕೊಳ್ಳುತ್ತದೆ, ಈಗಲೇ ಕೆಂಡ ತೆಗೆಸಿ ಎಂದು ಚಿಮಣಿ ಹೇಳಿದ. ಅದು ಸಾಧ್ಯವೇ ಇಲ್ಲ ಎಂದಳು ಅವಳು. ಹೋಟೆಲು ತೆರೆದೇ ಐದು ವಾರ. ತೆರೆಯುವ ಮುಂಚೆ ಕಂಪನಿಯವರು ಬಂದು ಒಳಗೆಲ್ಲ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಟ್ಟಿದ್ದಾರೆ, ಹಿಂಬಾಗಿಲ ಹತ್ತಿರ ತೂಗುಹಾಕಿದೆ.

ಚಿಮಣಿಗೆ ಕೋಪ ಬರುವುದು ಕಡಿಮೆ. ಬಂದರೆ ಈ ಒಂದು ವಿಷಯಕ್ಕೆ ಮಾತ್ರ.

"ನೋಡಿಮ್ಮ, ಆ ಸರ್ಟಿಫಿಕೇಟು ಬರೆದವನು ಏಣಿ ಮುಟ್ಟೇ ಇಲ್ಲ," ಎಂದ. "ಕೆಳಗೆ ನಿಂತು ಕಾಗದಕ್ಕೆ ರುಜು ಹಾಕಿ ಹೋಗಿದ್ದಾನೆ. ಇಂಥವನಿಗೆ ಮನುಷ್ಯರ ಪ್ರಾಣ ಅಂದರೆ ಲೆಕ್ಕಕ್ಕಿಲ್ಲ. ಇಪ್ಪತ್ತಾರು ವರ್ಷ ಈ ಮಸಿಯಲ್ಲೇ ಇದ್ದೀನಿ. ಅವನ ಕೈಗೆ ಇನ್ನೊಂದು ಸಲ ಪೆನ್ನು ಕೊಡಬಾರದು."

ಹನ್ನೆರಡೂ ಮೇಜು ಅಗಿಯುವುದನ್ನು ನಿಲ್ಲಿಸಿದವು. ಮೇಷ್ಟ್ರು ರುಚಿಯ ವಿಷಯ ಬಿಟ್ಟು, ಈಗಿನ ಕಾಲದ ಕೆಲಸಗಾರರ ವಿಷಯಕ್ಕೆ ಬಂದರು. ತನ್ನ ಅತಿಥಿಯ ಮಾತಿಗೆ ಇಷ್ಟು ತೂಕ ಬಂದದ್ದು ನೋಡಿ ಷಡ್ಡಕನೂ ಎದ್ದು ನಿಂತ. ತಾನು ವಿಮಾ ಅಧಿಕಾರಿ, ಇದು ಸಣ್ಣ ವಿಷಯ ಅಲ್ಲ, ಆ ಕಾಗದ ತರಿಸಿ, ಆ ಮನುಷ್ಯನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಘೋಷಿಸಿದ. ಅಡುಗೆಮನೆಯವರು ಕೆಂಡದ ತಟ್ಟೆಗಳನ್ನು ಒಂದೊಂದಾಗಿ ಎತ್ತತೊಡಗಿದರು. ಮಾಲಕಿ ಒಳಗೆ ಹೋಗಿ ಕಾಗದ ತಂದು ಚಿಮಣಿಯ ಕೈಗೇ ಕೊಟ್ಟಳು.

ಕಾಗದಕ್ಕೆ ಎಣ್ಣೆ ಸಿಡಿದು ಅರ್ಧ ಪಾರದರ್ಶಕವಾಗಿತ್ತು. ರುಜುವಿನ ಶಾಯಿ ಹರಡಿ ಎರೆಹುಳ ಕರಗಿದ ಹಾಗೆ ಕಾಣುತ್ತಿತ್ತು. ಅಕ್ಷರ ಯಾವುದೂ ಓದುವಂತಿರಲಿಲ್ಲ. ಆದರೆ ರುಜುವಿನ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ ಉಳಿದಿದ್ದವು. ಪಕ್ಕದಲ್ಲಿ ತಾರೀಖು.

ಅವನಿಗೆ ಆ ಮಂಗಳವಾರ ಪೂರ್ತಿಯಾಗಿ ನೆನಪಿಗೆ ಬಂತು. ಬೆಳಗಿನಿಂದ ಮೊಣಕಾಲು ಬಾತಿತ್ತು. ಆ ದಿನದ ಏಳನೆಯ ಜಾಗ. ಹಿಂದಿನ ಓಣಿಯ ಕಡೆಯಿಂದ ಬಂದಿದ್ದ, ಮುಂದೆ ಬೋರ್ಡು ಇನ್ನೂ ಏರಿರಲಿಲ್ಲ, ಯಾವ ಹೋಟೆಲು ಎಂದು ಕೇಳಿರಲೂ ಇಲ್ಲ. ಕಾವಲಿನವನು ಚಹ ಕೊಟ್ಟಿದ್ದ. ಹೊಸ ಕಟ್ಟಡ, ಹೊಸ ಕೊಳವೆ, ಒಂದು ದಿನವೂ ಒಲೆ ಹೊತ್ತಿಲ್ಲ, ಒಳಗೆ ಏನಿರುತ್ತದೆ ಅಂದುಕೊಂಡು ತೊಡೆಯ ಮೇಲೆ ಕಾಗದ ಇಟ್ಟು ರುಜು ಹಾಕಿದ್ದ. ಚುಕ್ಕೆ ಎರಡನ್ನೂ ಮರೆಯದೆ ಇಟ್ಟಿದ್ದ.

ತಲೆಯೆತ್ತಿದಾಗ ಹೆಂಡತಿ ಅವನ ಭುಜದ ಮೇಲಿಂದ ಕಾಗದ ನೋಡುತ್ತಿದ್ದಳು. ಮನೆಯ ಎಲ್ಲ ಕಾಗದಪತ್ರ ಜೋಡಿಸಿಡುವವಳು ಅವಳೇ. ಆ ಎರಡು ಚುಕ್ಕೆ ಅವಳಿಗೆ ಗೊತ್ತಿಲ್ಲದ್ದಲ್ಲ. ಅವಳು ಒಂದು ಲೋಟ ನೀರು ಅವನ ಕಡೆ ಸರಿಸಿದಳು.

"ಅಣ್ಣ, ಇದು ನಿಮ್ಮ ಕಂಪನಿಯದ್ದೇ," ಎಂದ ಷಡ್ಡಕ ಕಾಗದದ ತಲೆಬರಹ ಓದಿ. "ನಿಮ್ಮಂಥೋರು ಒಬ್ಬರು ಇದ್ದು ಏನು ಪ್ರಯೋಜನ? ಉಳಿದೋರೆಲ್ಲ ಹೀಗೆ." ಕೆಳಗೆ ಅಚ್ಚಾಗಿದ್ದ ತುರ್ತು ನಂಬರನ್ನು ನೋಡಿಕೊಂಡು, ದೂರು ಕೊಡಲು ಫೋನು ಹಿಡಿದು ಹೊರಗೆ ನಡೆದೇಬಿಟ್ಟ.

ಚಿಮಣಿ ಹೊಸ ಅಂಗಿಯ ತೋಳು ಮಡಚಿದ. ಏಣಿ ಎಲ್ಲಿದೆ ಎಂದು ಕೇಳಿದ. ಮಾಲಕಿ, ಅತಿಥಿಗಳು ನೀವು ಯಾಕೆ ಎಂದು ಹಿಂದೆ ಹಿಂದೆ ಬಂದಳು. ಅವನು ಫ್ಯಾನು ನಿಲ್ಲಿಸಲು ಹೇಳಿ ಹಿಂಬಾಗಿಲಿನಿಂದ ಮಾಡು ಹತ್ತಿದ. ಮೊಣಕಾಲು ಪ್ರತಿ ಮೆಟ್ಟಿಲಿಗೂ ತನ್ನ ತಕರಾರು ಹೇಳಿತು. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಾವಿರ ಮಾಡು ಹತ್ತಿದ್ದನೋ ಅವನೇ ಮರೆತಿದ್ದ. ಅವುಗಳಲ್ಲಿ ಯಾವುದೂ ಅವನನ್ನು ಮತ್ತೆ ಕರೆದಿರಲಿಲ್ಲ. ಹತ್ತದೆ ಬಿಟ್ಟದ್ದು ಇದೊಂದೇ; ಅದು ಊಟಕ್ಕೇ ಕರೆಸಿಕೊಂಡಿತ್ತು.

ಹನ್ನೆರಡೂ ಕೊಳವೆ ಸೇರುವ ದೊಡ್ಡ ಕೊಳವೆಯ ಮುಚ್ಚಳ ಬಿಚ್ಚಿ ಭುಜದವರೆಗೆ ಕೈ ಇಳಿಸಿದಾಗ ಬೆರಳಿಗೆ ಸಿಕ್ಕಿದ್ದು ಬಟ್ಟೆಯಂಥದ್ದು. ಎಳೆದ. ಬರಲಿಲ್ಲ. ಅಂಗಾತ ಮಲಗಿ, ಕಾಲು ಕೊಟ್ಟು ಎಳೆದ. ಮಸಿಯ ಒಂದು ಮೋಡದೊಂದಿಗೆ ಸಿಮೆಂಟು ಚೀಲವೊಂದು ಅವನ ಎದೆಯ ಮೇಲೆ ಬಂದು ಕೂತಿತು. ಗಾರೆ ಕೆಲಸದವರು ಧೂಳು ಹೋಗದಿರಲೆಂದು ಕೊಳವೆಯ ಬಾಯಿಗೆ ತುರುಕಿದ್ದು, ತೆಗೆಯಲು ಮರೆತದ್ದು. ಐದು ವಾರ ಕೊಬ್ಬು ಕುಡಿದು ದೀಪದ ಬತ್ತಿಯ ಹಾಗೆ ನೆನೆದಿತ್ತು. ಒಂದು ಅಂಚು ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು. ಅವನು ಆ ಅಂಚನ್ನು ಬೆರಳಲ್ಲಿ ಹಿಸುಕಿ ನೋಡಿದ. ಬೆಚ್ಚಗಿತ್ತು. ಕೆಳಗೆ ಕೂತಿದ್ದ ಹನ್ನೆರಡು ಮೇಜಿನ ಜನರನ್ನು ನೆನೆದು ಸ್ವಲ್ಪ ಹೊತ್ತು ಅಲ್ಲೇ ಕೂತ. ಮೇಷ್ಟ್ರು, ನಾದಿನಿ, ಎಲೆ ಮಡಚುತ್ತಿದ್ದ ಹೆಂಡತಿ. ಇಳಿಯಲು ಮೊದಲ ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ ಹೇಳಿಬಿಡುವುದೆಂದು ನಿರ್ಧಾರವಾಗಿತ್ತು.

ಕೆಳಗೆ ಬಂದಾಗ ಅವನಲ್ಲಿ ಬೆಳ್ಳಗೆ ಉಳಿದಿದ್ದು ಕಣ್ಣು, ಹಲ್ಲು ಮಾತ್ರ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕೈ ಕುಲುಕಿ ತಮ್ಮ ಕೈಯನ್ನೂ ಕಪ್ಪು ಮಾಡಿಕೊಂಡರು. ಚಿಮಣಿ ಮಾಲಕಿಯನ್ನು ಬದಿಗೆ ಕರೆದ.

"ಅಮ್ಮ, ಆ ರುಜು ನಂದೇ. ಅವತ್ತು ಮೇಲೆ ಹತ್ತದೇ ಇದ್ದೋನು ನಾನೇ. ತಪ್ಪಾಯ್ತು."

ಮಾಲಕಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ಎಂಥಾ ಮನಸ್ಸು ಸ್ವಾಮಿ ನಿಮ್ಮದು," ಎಂದಳು. "ನಿಮ್ಮ ಜೊತೆ ಕೆಲಸ ಮಾಡೋ ಯಾವನೋ ಒಬ್ಬನ ಹೊಟ್ಟೆಪಾಡು ಉಳಿಯಲಿ ಅಂತ ನೀವು ತಪ್ಪು ಹೊತ್ಕೋತೀರಿ. ಬೇಡ. ಇಂಥವರನ್ನ ಕಾಪಾಡಬೇಡಿ."

ಅವನು ಇನ್ನೊಂದು ಸಲ ಹೇಳಿದ. ಗೆರೆ, ಚುಕ್ಕೆ ತೋರಿಸಿದ. ಅವಳು ಅವನ ಮಸಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮನಸ್ಸಿನಲ್ಲಿ ಕರುಣೆ ಇರಬೇಕು ನಿಜ, ಆದರೆ ಇಷ್ಟಿರಬಾರದು ಎಂದು ಬುದ್ಧಿ ಹೇಳಿದಳು. ಷಡ್ಡಕ ಒಳಗೆ ಬಂದವನು ವಿಷಯ ತಿಳಿದು, ನಮ್ಮ ಅಣ್ಣ ಮೊದಲಿನಿಂದಲೂ ಹೀಗೇ, ಬೇರೆಯವರ ತಪ್ಪನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ ಎಂದ. ಮೊದಲಿನಿಂದಲೂ ಹಾಗೆ ಯಾವಾಗ ಎಳೆದುಕೊಂಡಿದ್ದೆ ಎಂದು ಚಿಮಣಿಗೆ ಹೊಳೆಯಲಿಲ್ಲ. ಮೇಷ್ಟ್ರು ಮತ್ತೊಮ್ಮೆ ಚಪ್ಪಾಳೆ ಶುರುಮಾಡಿದರು.

ಬಸ್ಸಿನಲ್ಲಿ ಈ ಅವತಾರದಲ್ಲಿ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲವೆಂದು ಗಂಡಹೆಂಡತಿ ಮನೆಗೆ ನಡೆದೇ ಹೊರಟರು. ಅವಳು ಅಂಗಿಯ ವಿಷಯ ಎತ್ತಲಿಲ್ಲ. ಮೇಲೆ ನೋಡಿದ ವಿಷಯವನ್ನೂ ಎತ್ತಲಿಲ್ಲ. ಎರಡು ಬೀದಿ ದಾಟಿದ ಮೇಲೆ, ಚೀಲಕ್ಕೆ ಬೆಂಕಿ ಹಿಡಿದಿತ್ತಾ ಎಂದು ಕೇಳಿದಳು. ಇನ್ನೂ ಇಲ್ಲ, ಬೆಚ್ಚಗಿತ್ತು ಎಂದ. ಅವಳು ಅವನ ಪಕ್ಕಕ್ಕೆ ಇನ್ನಷ್ಟು ಹತ್ತಿರ ಸರಿದು ನಡೆದಳು, ಸೀರೆಗೆ ಮಸಿಯಾಗುವುದನ್ನು ಲೆಕ್ಕಿಸದೆ.

ಮೂರನೆಯ ಬೀದಿಯಲ್ಲಿ ಫೋನು ಬಂತು. ಕಂಪನಿಯ ಮ್ಯಾನೇಜರು. ಚಿಮಣಿ ನಿಂತ. ಒಂದು ಉಸಿರು ಎಳೆದುಕೊಂಡ. ಅವರು ಮಾತಾಡುವ ಮೊದಲೇ ಹೇಳಿಬಿಟ್ಟರೆ ಸುಲಭ ಎನಿಸಿತು.

"ಸಾರ್, ಅದು ನಾನೇ ಸಾರ್."

"ನೀನೇ ಅಂತ ಗೊತ್ತಯ್ಯ, ನಿನ್ನ ನಂಬರಿಗೇ ತಾನೆ ಮಾಡಿರೋದು," ಎಂದರು ಮ್ಯಾನೇಜರು. "ಮೊದಲು ನಾನು ಹೇಳೋದು ಕೇಳು. ಆ ಹೋಟೆಲಿನಲ್ಲಿ ನೀನು ಮಾಡಿದ್ದೆಲ್ಲ ಆ ವಿಮೆಯವರು, ಆಯಮ್ಮ, ಇಬ್ಬರೂ ಹೇಳಿದರು. ಕಂಪನಿ ಮಾನ ಉಳಿಸಿದ್ದೀಯ. ಈಗ ಆ ಕಳ್ಳ ಯಾರು ಅಂತ ಗೊತ್ತಾಗಬೇಕು. ರುಜು ಅಳಿಸಿದೆಯಂತೆ. ನಾಳೆ ನೀನು ಏಣಿ ಹತ್ತಬೇಡ. ರಿಜಿಸ್ಟರ್ ಎಲ್ಲ ಮುಂದಿಟ್ಟುಕೊಂಡು ಕೂತ್ಕೋ, ಅವನು ಯಾರು ಅಂತ ಹುಡುಕಿ ಬರೆದುಕೊಡು. ಸಂಜೆಗೆ ಅವನನ್ನ ಮನೆಗೆ ಕಳಿಸ್ತೀನಿ. ಇರೋ ಎಂಟು ಜನರಲ್ಲಿ ನಿನ್ನೊಬ್ಬನನ್ನ ಬಿಟ್ಟು ಇನ್ಯಾರನ್ನೂ ನಾನು ನಂಬಲ್ಲ."

ಸಾರ್, ಸಾರ್ ಎಂದು ಇವನು ಎರಡು ಸಲ ಅನ್ನುವುದರೊಳಗೆ ಅವರು ಫೋನು ಇಟ್ಟಿದ್ದರು.

ಏನಂತೆ ಎಂದು ಹೆಂಡತಿ ಕೇಳಿದಳು. ಅವನು ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ಮುಖ ಆಚೆ ತಿರುಗಿಸಿಕೊಂಡೇ ಕೇಳಿದಳು:

"ಸಂಜೆಯೊಳಗೆ ಸಿಗ್ತಾನಾ?"

"ಸಿಕ್ಕಿದ್ದಾನೆ," ಎಂದ ಚಿಮಣಿ. "ಒಪ್ಪಿಕೊಳ್ಳೋದಕ್ಕೂ ತಯಾರಿದ್ದಾನೆ. ಕೇಳಿಸಿಕೊಳ್ಳೋರೇ ಸಿಗ್ತಾ ಇಲ್ಲ."