ಇನ್ನೂರಾರು ಮೂಳೆ, ಒಂದು ಬಿಕ್ಕಳಿಕೆ

ಬೇರೆಯವರಿಗೆ ವರ್ಷಕ್ಕೊಂದು ಆಗುವ ಫಜೀತಿ ನನಗೆ ವಾರಕ್ಕೊಂದು ಆಗುತ್ತೆ. ತಪ್ಪು ನನ್ನದಲ್ಲ, ನನ್ನ ಬಾಯಿಯದು. ಹುಲ್ಲಹಳ್ಳಿ ಸೀಮೆಯಲ್ಲಿ ಮುರಿದ ಮೂಳೆ ಕಟ್ಟೋದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಾನು ಶಾಲೆ ಹತ್ತಿದ್ದು ಒಂದೇ ಸಲ, ಹೆಂಚು ಹೊದಿಸೋಕೆ. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಆದರೆ ಕೈಗುಣ ನೋಡಿ: ಒಂದು ಸಲ ಮುರಿದ ನೊಗಕ್ಕೆ ಬಿದಿರ ದಬ್ಬೆ ಇಟ್ಟು ಪಟ್ಟು ಕಟ್ಟಿದೆ. ಮೂರನೇ ದಿನಕ್ಕೆ ಕೂಡಿಕೊಂಡಿತು, ಎಂಟನೇ ದಿನಕ್ಕೆ ಚಿಗುರಿತು. ಆ ಚಿಗುರನ್ನು ಎತ್ತುಗಳು ತಿಂದುಬಿಟ್ಟವು, ಇಲ್ಲದಿದ್ದರೆ ನಿಮಗೂ ತೋರಿಸುತ್ತಿದ್ದೆ.

ನಮ್ಮ ಮನೆಯಲ್ಲೊಂದು ಶಾಸ್ತ್ರ ಉಂಟು. ಮಗು ಹುಟ್ಟಿದ ಹನ್ನೊಂದನೇ ದಿನ ಮನೆಯ ಹಿರಿಯನಾದವನು ಹೆಬ್ಬೆರಳಿಗೆ ಹರಳೆಣ್ಣೆ ಹಚ್ಚಿಕೊಂಡು, ಅದರ ಮೈಮೇಲೆ ಆಡಿಸುತ್ತಾ ಮೂಳೆಗಳನ್ನು ಗಟ್ಟಿ ದನಿಯಲ್ಲಿ ಎಣಿಸಬೇಕು. ನನ್ನ ಮೂಳೆ ನನ್ನ ತಾತ ಎಣಿಸಿದ್ದ, ನನ್ನ ಮೊಮ್ಮಗಳದ್ದು ನಾನು ಎಣಿಸಿದ್ದೆ. ಆ ಮೊಮ್ಮಗಳು ಈಗ ತಿ. ನರಸೀಪುರದ ಹೈಸ್ಕೂಲಿನಲ್ಲಿ ಸೈನ್ಸ್ ಮೇಡಂ. ಅವಳು ಬಸುರಿಯಾದ ಸುದ್ದಿ ಬಂದದ್ದೇ ತಡ, ಮರಿಮಗುವಿನ ಮೂಳೆ ಎಣಿಸುವ ಯೋಗ ನನಗಿದೆ ಅಂತ ಊರೆಲ್ಲ ಸಾರಿಬಿಟ್ಟೆ.

1. ಕಿವಿ ಹಿಡಿದವರು

ಎರಡು ತಿಂಗಳಿಗೆ ನಂಜನಗೂಡಿನಲ್ಲಿ ಸ್ಕ್ಯಾನಿಂಗು. ಹಟ ಮಾಡಿ ನಾನೂ ಒಳಗೆ ಹೋದೆ. ಟೀವಿಯಲ್ಲಿ ಮಸುಕುಮಸುಕಾಗಿ ಏನೋ ಕಂಡಿತು.

"ಆಹಾ! ಮೊಣಕಾಲ ಮೂಳೆ ನೋಡ್ರವ್ವಾ, ನಮ್ಮಪ್ಪಂದೇ ಪಡಿಯಚ್ಚು!" ಅಂದೆ.

"ಅದು ಹೊಕ್ಕುಳಬಳ್ಳಿ, ಅಜ್ಜಾ," ಅಂದರು ಡಾಕ್ಟರಮ್ಮ. "ಮೂಳೆ ಈಗಿನ್ನೂ ಗಟ್ಟಿಯಾಗೋಕೆ ಶುರು. ಮಿಕ್ಕಿದ್ದೆಲ್ಲ ಮೆದು. ನಿಮ್ಮ ಕಿವಿ ಮುಟ್ಟಿ ನೋಡ್ಕೊಳ್ಳಿ, ಅಷ್ಟೇ ಗಟ್ಟಿ."

ನಾನು ಆಚೆ ಬಂದು, ಸಾಲಿನಲ್ಲಿ ಕೂತಿದ್ದ ಬಸುರಿಯರಿಗೂ ಅವರ ಅತ್ತೆಯರಿಗೂ ಇದನ್ನೇ ಬಿಡಿಸಿ ಹೇಳಿದೆ. ಎಲ್ಲರೂ ಕಿವಿ ಹಿಡಿದು ಬಗ್ಗಿಸಿ ಬಗ್ಗಿಸಿ ನೋಡಿಕೊಂಡರು. ಅಷ್ಟರಲ್ಲಿ ಒಳಗೆ ಬಂದ ಕಾಂಪೌಂಡರ್ ಗಾಬರಿಯಾಗಿ ಕೇಳಿದ: "ಏನ್ ತಪ್ಪು ಮಾಡಿದ್ರಿ ಎಲ್ರೂವೆ?"

ದಾರಿಯಲ್ಲಿ ಮೊಮ್ಮಗಳು ಬಾಂಬು ಹಾಕಿದಳು. "ತಾತ, ಹೊಕ್ಕುಳಬಳ್ಳಿಗೂ ಮೂಳೆಗೂ ವ್ಯತ್ಯಾಸ ಗೊತ್ತಿಲ್ಲದ ಹೆಬ್ಬೆರಳು ನನ್ನ ಮಗು ಮೇಲೆ ಆಡೋದು ಬೇಡ. ಮೂಳೆ ಹೆಂಗೆ ಹುಟ್ಟುತ್ತೆ ಅಂತ ಕಲ್ತ್ಕೊ. ಒಂಬತ್ತನೇ ತಿಂಗಳಿಗೆ ಪರೀಕ್ಷೆ. ಪಾಸಾದ್ರೆ ಎಣಿಸು."

2. ಬಾಲ

ಅವಳ ಪಾಠ ಫೋನಿನಲ್ಲೇ. ಮೊದಲು ಬೆನ್ನಿನ ಎರಡು ಕಡೆಗೂ ಮಣಿ ಪೋಣಿಸಿದ ಹಾಗೆ ಸಣ್ಣ ಸಣ್ಣ ಗಂಟು ಸಾಲಾಗಿ ಏಳುತ್ತವಂತೆ, ಬೆನ್ನುಮೂಳೆ, ಪಕ್ಕೆಲುಬು ಎಲ್ಲ ಅದರಿಂದಲೇ ಅಂತೆ. ಆಗ ಎಲ್ಲರಿಗೂ ಪುಟ್ಟದೊಂದು ಬಾಲ ಇರುತ್ತಂತೆ, ಆಮೇಲೆ ಅದೇ ಕರಗಿ ಹೋಗುತ್ತಂತೆ.

ಇಂಥ ವಿಷಯ ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕಾಗುತ್ತಾ? ಹುಲ್ಲಹಳ್ಳಿಯ ಟೀ ಅಂಗಡಿಯಲ್ಲಿ ಹೇಳಿದೆ. "ಕೇಳ್ರಪ್ಪಾ, ನೀವೆಲ್ಲ ಬಾಲ ಇದ್ದೋರೇ! ಒಳಗೇ ಕರಗಿದ್ದಕ್ಕೆ ಪಂಚೆ ಉಡಂಗಾಯ್ತು."

ಟೀ ಸೋಸುತ್ತಿದ್ದ ಅಂಗಡಿಯವನು ತಲೆ ಎತ್ತಲಿಲ್ಲ. "ನಮ್ದು ಕರಗೋಗೈತೆ ಕಣ್ ಯಜಮಾನ್ರೇ. ನೀವ್ಯಾಕೆ ಬೆಂಚಿನ್ ಮ್ಯಾಲೆ ಒಂದು ಗಳಿಗೆ ನೆಟ್ಟಗೆ ಕೂರಲ್ಲ ಅಂತ ಈಗ ಗೊತ್ತಾಯ್ತು."

3. ಕತ್ತು ನೀವಿದ್ದು

ಏಳನೇ ತಿಂಗಳಲ್ಲಿ ಬಾಣಂತನಕ್ಕೆ ನಮ್ಮ ಮನೆಗೇ ಬಂದಳು. ಒಂದು ಮಧ್ಯಾಹ್ನ ಅವಳ ಹೊಟ್ಟೆ ಗಡಿಯಾರದಂತೆ ಟಕ್, ಟಕ್ ಅಂತ ಎಗರತೊಡಗಿತು. ನೋಡೋಕೆ ಬಂದಿದ್ದ ಅವಳ ಅತ್ತೆ, "ಅಯ್ಯೋ ಸಿವನೇ, ಕೂಸಿಗೆ ಏನೋ ಆಯ್ತದೆ!" ಅಂತ ಎದೆ ಬಡಿದುಕೊಂಡರು.

"ಬಿಕ್ಕಳಿಕೆ ಅತ್ತೆ, ಅಷ್ಟೇ," ಅಂದಳು ಇವಳು. "ಎದೆಗೂ ಹೊಟ್ಟೆಗೂ ಮಧ್ಯೆ ವಪೆ ಅಂತ ಒಂದು ಪರದೆ ಇದೆ. ಅದು ಉಸಿರಾಡೋದು ಪ್ರಾಕ್ಟೀಸ್ ಮಾಡ್ತಿದೆ. ಆ ಪರದೆ ಮೊದಲು ಕತ್ತಿನ ಹತ್ರ ಶುರುವಾಗಿ, ಆಮೇಲೆ ಕೆಳಗಿಳಿಯುತ್ತೆ. ಬಿಂದಿಗೆ ಬಾವಿಗಿಳಿವಾಗ ಹಗ್ಗ ಎಳ್ಕೊಂಡು ಹೋಗಲ್ವಾ, ಹಂಗೆ ಕತ್ತಿನ ನರಾನೂ ಎಳ್ಕೊಂಡು ಹೋಗುತ್ತೆ."

ನನ್ನ ತಲೆ ಮಿಂಚಿನಂತೆ ಓಡಿತು. ಹಗ್ಗದ ತುದಿ ಕತ್ತಿನಲ್ಲಿದ್ದರೆ ಅಲ್ಲೇ ಹಿಡಿಯಬೇಕು! ಮೊಮ್ಮಗಳ ಕತ್ತನ್ನು ಎಣ್ಣೆ ಕೈಯಲ್ಲಿ ಮೆಲ್ಲಗೆ ನೀವಿದೆ. ಐದೇ ನಿಮಿಷ. ಹೊಟ್ಟೆ ಗಪ್‌ಚುಪ್!

"ನೋಡ್ದಾ ನನ್ ಕೈಗುಣ?"

"ತಾತ, ನೀನು ನೀವಿದ್ದು ನನ್ನ ಕತ್ತು! ಬಿಕ್ಕಳಿಸಿದೋರ ಕತ್ತು ಒಳಗಿದೆ."

ಆದರೂ ಸುದ್ದಿ ತಲಕಾಡಿನವರೆಗೂ ಹೋಗಿದೆ ಅಂತ ನಾನೇ ಹೇಳಿದ್ದೇನೆ.

4. ಪರೀಕ್ಷೆ

ಒಂಬತ್ತನೇ ತಿಂಗಳು. ಜಗಲಿಯ ಮೇಲೆ ಮೊಮ್ಮಗಳು ಕುರ್ಚಿಯಲ್ಲಿ, ನಾನು ಕಂಬಕ್ಕೆ ಒರಗಿ.

"ಮೊದಲು ಗಟ್ಟಿಯಾಗೋ ಮೂಳೆ?"

"ಕೊರಳೆಲುಬು! ಮರದಿಂದ ಬಿದ್ದೋರಿಗೆ ಮೊದ್ಲು ಮುರಿಯೋದೂ ಅದೇಯ."

"ವಪೆ ಶುರುವಾಗೋದು ಎಲ್ಲಿ?"

"ಕತ್ತಲ್ಲಿ."

"ಹುಟ್ಟಿದ ಮಗುಗೆ ಮೂಳೆ ಎಷ್ಟು?"

ಇದು ನಮ್ಮ ಮನೆತನದ್ದೇ ಪ್ರಶ್ನೆ. ಎದೆ ಉಬ್ಬಿಸಿ, "ಇನ್ನೂರಾರು!" ಅಂದೆ.

"ಫೇಲು," ಅಂದಳು. "ಅದು ನಿನಗೆ. ಹುಟ್ಟಿದ ಮಗುಗೆ ಮುನ್ನೂರರ ಹತ್ತಿರ. ಎಲ್ಲ ಬಿಡಿಬಿಡಿ. ಬೆಳೀತಾ ಬೆಳೀತಾ ಕೂಡ್ಕೊಂಡು ಇನ್ನೂರಾರು ಆಗುತ್ತೆ."

ಆ ಹೊತ್ತು ನನಗೆ ಮುದ್ದೆ ಇಳಿಯಲಿಲ್ಲ. ನನ್ನ ತಾತನಿಂದ ಬಂದ ಶಾಸ್ತ್ರ ನನ್ನ ಕೈಯಲ್ಲೇ ನಿಲ್ಲಬೇಕಾ? ತಟ್ಟೆ ತೆಗೆಯೋಕೆ ಬಂದ ಮೊಮ್ಮಗಳು ಮಿಕ್ಕ ಮುದ್ದೆ ನೋಡಿದಳು, ನನ್ನ ಮುಖ ನೋಡಿದಳು. "ಸಪ್ಲಿಮೆಂಟರಿ ಕೊಡ್ತೀನಿ. ಹನ್ನೊಂದನೇ ದಿನ ನೀನೇ ಎಣಿಸಿ ಲೆಕ್ಕ ಹೇಳು. ಒತ್ತಂಗಿಲ್ಲ, ಎಳೆಯಂಗಿಲ್ಲ. ಎಣಿಕೆ ಮುಗಿಯೋಗಂಟ ಯಾರೂ ನಿನ್ನ ತಡೆಯಲ್ಲ."

5. ಮೂವತ್ತೇಳು

ಹೆಣ್ಣುಕೂಸು. ಹನ್ನೊಂದನೇ ದಿನ ಮನೆ ತುಂಬ ಜನ. ಟೀ ಅಂಗಡಿಯವನೂ ಬಾಗಿಲು ಹಾಕಿ ಬಂದಿದ್ದ. ಹರಳೆಣ್ಣೆ ಹಚ್ಚಿ, ತಾಗಿಯೂ ತಾಗದ ಹಾಗೆ ಕೊರಳೆಲುಬಿನಿಂದ ಶುರು ಮಾಡಿದೆ. ಒಂದು, ಎರಡು... ಪಕ್ಕೆಲುಬು ಮುಗಿಸಿ ಬೆನ್ನಿಗೆ ಬಂದೆ. ಮೂವತ್ತೈದು, ಮೂವತ್ತಾರು, ಮೂವತ್ತೇಳು...

"ಹಿಕ್!" ಅಂದಿತು ಕೂಸು. ಪುಟ್ಟ ಮೈಯೆಲ್ಲ ಎಗರಿತು, ಹೆಬ್ಬೆರಳು ಜಾರಿತು, ಲೆಕ್ಕ ತಪ್ಪಿತು.

ಮತ್ತೆ ಒಂದರಿಂದ. ಮತ್ತೆ ಮೂವತ್ತೇಳಕ್ಕೇ ಹಿಕ್! ಮೂರನೇ ಸಲವೂ ಅಲ್ಲಿಗೇ.

"ಇವತ್ತು ಸಾಕು ತಾತ, ನಾಳೆ ಎಣಿಸು," ಅಂದಳು ಮೊಮ್ಮಗಳು.

ಐದು ತಿಂಗಳಾಯಿತು. ಕೂಸು ಈಗ ಅಪ್ಪನ ಮನೆಯಲ್ಲಿದೆ. ನಾನು ವಾರಕ್ಕೆರಡು ಸಲ ತಿ. ನರಸೀಪುರದ ಬಸ್ಸು ಹತ್ತುತ್ತೇನೆ. ಕಂಡಕ್ಟರು ದೂರದಿಂದಲೇ ಕೂಗುತ್ತಾನೆ: "ಎಷ್ಟಕ್ಕೆ ಬಂತು ಯಜಮಾನ್ರೇ?" "ಮೂವತ್ತೇಳು ಕಣಪ್ಪಾ!"

ಮೊನ್ನೆ ಮೊಮ್ಮಗಳಿಗೆ ಅನುಮಾನ ಬಂತು. "ತಾತ, ಇವತ್ತು ಅದು ಬಿಕ್ಕಳಿಸಲೇ ಇಲ್ಲ. ಮೂವತ್ತೇಳಕ್ಕೆ ಯಾಕೆ ನಿಲ್ಲಿಸ್ದೆ?"

"ಇಪ್ಪತ್ತೈದು ವರ್ಸ ತಡೀ ಮಗಾ," ಅಂದೆ. "ಎಲ್ಲ ಕೂಡ್ಕೊಂಡು ಇನ್ನೂರಾರು ಆಯ್ತದೆ ಅಂದೋಳು ನೀನೇ ಅಲ್ವಾ? ಆಗ ಪೂರ್ತಿ ಎಣಿಸಿ ಪಾಸಾಯ್ತೀನಿ. ಅಲ್ಲೀಗಂಟ ಬಂದು ಓಯ್ತಾ ಇರ್ತೀನಿ."