ಎಡಗಡೆಯ ಸೊನ್ನೆ

ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ ಅಂತ ಶಾಲೆಯಲ್ಲಿ ಕಲಿಸಿದ್ದರು. ಅದೇ ಸೊನ್ನೆ ನನ್ನ ಭಾನುವಾರಗಳನ್ನು ತಿನ್ನುತ್ತಲೇ ಇದೆ.

ಕಂಪ್ಯೂಟರು, ಕ್ಯಾಮೆರಾ, ಪ್ರಿಂಟರುಗಳನ್ನು ಒಂದಕ್ಕೊಂದು ಜೋಡಿಸುವ ಸಾಫ್ಟ್‌ವೇರ್ ನಮ್ಮ ಕಂಪನಿಯದು; ಎಲ್ಲಾದರೂ ಕೆಟ್ಟರೆ ಓಡುವವನು ನಾನು. ಪ್ರತಿ ಯಂತ್ರಕ್ಕೂ ಚುಕ್ಕಿ ಇಟ್ಟು ಬರೆದ ಅಂಕಿಗಳೇ ವಿಳಾಸ. ಅದರಲ್ಲಿ ಓಬೀರಾಯನ ಕಾಲದ ಪದ್ಧತಿಯೊಂದಿದೆ: ಅಂಕಿಯ ಎಡಕ್ಕೆ ಸೊನ್ನೆ ಬಂದರೆ ಎಂಟೆಂಟರ ಲೆಕ್ಕ. 010 ಅಂದರೆ ಹತ್ತಲ್ಲ, ಎಂಟು. ಇದನ್ನು ಕಿತ್ತು ಬಿಸಾಕಿ, ನನ್ನ ಭಾನುವಾರ ನನಗೆ ಕೊಡಿ ಅಂತ ಬಾಯಿ ಬಡಿದುಕೊಳ್ಳುತ್ತಿದ್ದೇನೆ. ಕೇಳುವವರಿಲ್ಲ.

ಪಂಚೆ

ಹೊರಮಾವಿನ ಅಪಾರ್ಟ್‌ಮೆಂಟೊಂದರ ಸೆಕ್ರೆಟರಿ ಅಚ್ಚುಕಟ್ಟಿನ ಮನುಷ್ಯ. ಅಂಕಿಗಳೆಲ್ಲ ಸಾಲಾಗಿ ಕಾಣಲೆಂದು ಗೇಟಿನ ಕ್ಯಾಮೆರಾಕ್ಕೆ ಹತ್ತರ ಬದಲು 010 ತುಂಬಿಸಿದ್ದರು. ಎಂಟು ಅಂದರೆ ತಾರಸಿಯ ಕ್ಯಾಮೆರಾದ ವಿಳಾಸ. ಭಾನುವಾರ ನಾನು ಊಟಕ್ಕೆ ಕೂತಾಗ ಅವರ ಫೋನು.

"ಗೇಟಲ್ಲಿ ಯಾರಿದಾರೋ ಅಂದ್ರೆ ನಮ್ಮ ವಾಚ್‌ಮನ್ ಏನಂತಾನೆ ಗೊತ್ತೇನ್ರೀ? ಯಾರೂ ಇಲ್ಲ ಸಾರ್, ನಿಮ್ಮ ಪಂಚೆ ಒಣಗ್ತಿದೆ ಅಂತಾನೆ."

ಎಚ್ಚರಿಕೆ

ಸೋಮವಾರ ಮ್ಯಾನೇಜರ್ ಮುಂದೆ ಕೂಗಾಡಿದೆ. "ತೆಗೆಯೋಕಾಗಲ್ಲ ಗುರು," ಅಂದರು. "ಬೆನ್ಸನ್ ಟೌನಲ್ಲಿ ನಮ್ಮ ಮೊದಲನೇ ಕಸ್ಟಮರ್ ಇದಾರೆ. ಅವ್ರು ಹಳೇ ಪದ್ಧತೀಲೇ ಬರೆಯೋದು. ಬೇಕಾದ್ರೆ ಒಂದು ಎಚ್ಚರಿಕೆ ಹಾಕು."

ಅದರ ಒಕ್ಕಣೆಗೆ ಮೀಟಿಂಗ್ ಮೇಲೆ ಮೀಟಿಂಗ್. ಯಾರ ಮನಸ್ಸೂ ನೋಯಬಾರದಂತೆ. ಕೊನೆಗೆ ಪರದೆಯ ಮೇಲೆ ಬಂದದ್ದು: "ದಯವಿಟ್ಟು ಅಂಕಿಯ ಎಡಕ್ಕೆ ಸೊನ್ನೆ ಹಾಕಬೇಡಿ. ಹಾಕಿದರೂ ಪರವಾಗಿಲ್ಲ."

ಜಾತಕ

ಪರವಾಗಿಲ್ಲ ಅಂದಮೇಲೆ ದೊಡ್ಡನೆಕ್ಕುಂದಿಯ ಕಾರ್ಖಾನೆಯವರೂ ಹಾಕಿದರು. ಆಫೀಸಿನ ಪ್ರಿಂಟರಿಗೆ ಹೋಗಬೇಕಿದ್ದ ಮಾಲೀಕರ ಮಗಳ ಜಾತಕ, ಪೆಟ್ಟಿಗೆಗಳಿಗೆ ಲೇಬಲ್ ಅಚ್ಚು ಹಾಕುವ ಯಂತ್ರಕ್ಕೆ ಹೋಯಿತು. ಅಲ್ಲಿಯವರು ಬಂದದ್ದನ್ನು ಬಂದ ಹಾಗೆ ಅಂಟಿಸಿ ಲಾರಿಗೆ ಏರಿಸಿದರು. ಮತ್ತೆ ಭಾನುವಾರ, ಮತ್ತೆ ನಾನೇ ಓಡಿದೆ. ನಾನಲ್ಲಿ ಮೈಯೆಲ್ಲ ಉರಿದುಕೊಂಡು ಕೂತಿರುವಾಗ ಸರಕು ಕೊಂಡವರು ಹೊಸೂರಿನಿಂದ ಮಾಲೀಕರಿಗೆ ಫೋನು ಮಾಡಿದರು.

"ಹುಡುಗಿ ಜಾತಕ ಚೆನ್ನಾಗಿದೆ ಸಾರ್. ಒಳಗೆ ಯಾವ ಸೈಜ್ ಬೋಲ್ಟಿದೆ ಅಂತ ಮಾತ್ರ ಬರೆದಿಲ್ಲ."

ಮೊದಲನೇ ಕಸ್ಟಮರ್

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಬೆನ್ಸನ್ ಟೌನಿನವರು ಬಿಡ್ತೀವಿ ಅಂದ್ರೆ ತೆಗೀತೀರಾ?" ಅಂತ ಮ್ಯಾನೇಜರನ್ನು ಕೇಳಿದೆ. "ಅವತ್ತೇ ತೆಗೆಯೋಣ," ಅಂದರು. ಜಗಳಕ್ಕೆ ಸಿದ್ಧನಾಗಿಯೇ ಹೋದೆ.

ಅಲ್ಲಿನ ಯಜಮಾನರು ವಯಸ್ಸಾದವರು. ಟೀ ತರಿಸಿ, ನನ್ನ ಮಾತೆಲ್ಲ ಕೇಳಿ ನಕ್ಕರು. "ಅದನ್ನ ನಾವು ಬಿಟ್ಟು ಯಾವ ಕಾಲ ಆಯ್ತಪ್ಪಾ. ನಿಮ್ಮ ಮ್ಯಾನೇಜರ್ ಬಂದಾಗ ತೋರಿಸೋಕೆ ಅಂತ ಒಂದೇ ಒಂದು ಕಂಪ್ಯೂಟರ್‌ನಲ್ಲಿ ಇಟ್ಟಿದೀವಿ. ಪಾಪ, ಅವ್ರಿಗೆ ಅದಂದ್ರೆ ಪ್ರಾಣ."

ಬೀದಿಗೆ ಬಂದವನೇ ಮ್ಯಾನೇಜರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

"ನನಗೋಸ್ಕರ ಇಟ್ಕೊಂಡಿದಾರಾ? ಅಂಥವ್ರನ್ನ ಕೈಬಿಡೋದು ಹೇಗೆ ಮಗಾ? ಆ ಸೊನ್ನೆ ಇರ್ಲಿ ಬಿಡು."