ಫ್ಲೂ ಕಾಲದಲ್ಲೊಂದು ಕುಬಸ

ಸ್ವಲ್ಪ ತಡೆಯಿರಿ. ಕೆಮ್ಮುವುದಿದ್ದರೆ ಈಗಲೇ ಮೊಣಕೈ ಮಡಚಿ ಕೆಮ್ಮಿ ಮುಗಿಸಿ, ಒಂದು ಲೋಟ ಬಿಸಿನೀರು ಹತ್ತಿರ ಇಟ್ಟುಕೊಂಡು ಕುಳಿತುಕೊಳ್ಳಿ. ಯಾಕೆಂದರೆ ಫ್ಲೂ ಜ್ವರವನ್ನು ನಾನು ನಮ್ಮ ಮನೆಯ ಹೊಸ್ತಿಲಲ್ಲೇ ತಡೆದ ಕಥೆ ಇದು. ನಡುವೆ ಎದ್ದು ಹೋದರೆ ನನ್ನ ಪರಾಕ್ರಮದ ಭಾಗವೇ ತಪ್ಪಿಹೋಗುತ್ತದೆ. ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಅನ್ನುತ್ತಾರೆ, ನಿಜ. ಆದರೆ ಬೇರೆಯವರು ಹೊಗಳಲಿ ಎಂದು ಕಾಯುವುದು ನಮ್ಮ ಕಡೆ ಮಳೆಗೆ ಕಾದ ಹಾಗೆ. ಮೋಡ ಬರುತ್ತದೆ, ಮುಂದಿನ ಊರಿಗೆ ಹೋಗುತ್ತದೆ.

ನಾನು ಡಾಕ್ಟರಲ್ಲ. ಗೋಳಗುಮ್ಮಟದ ಎದುರು ಪ್ರವಾಸಿಗರಿಗೆ ಟೊಪ್ಪಿಗೆ, ಕಪ್ಪು ಕನ್ನಡಕ ಮಾರುವವನು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ರೋಗಗಳ ಬಗ್ಗೆ ಓದುವ ಹುಚ್ಚು ಹತ್ತಿಸಿಕೊಂಡು, ಮನೆಯಲ್ಲಿ ‘ಅರ್ಧ ಡಾಕ್ಟರ್’ ಎಂಬ ಪದವಿ ಗಳಿಸಿದ್ದೇನೆ. ಇನ್ನರ್ಧ ಏನು ಎಂದು ಕೇಳಿದರೆ ಅವ್ವ ಸೀದಾ ಒಳಗೆ ಹೋಗುತ್ತಾಳೆ.

ಈ ಸಲದ ಚಳಿಯಲ್ಲಿ ತಿಕೋಟಾ, ಬಬಲೇಶ್ವರದ ಕಡೆ ಫ್ಲೂ ಎದ್ದಾಗ ನನ್ನ ವಿದ್ಯೆಗೆ ಕೆಲಸ ಬಂತು. ಎಷ್ಟು ಹೆದರಬೇಕು ಎಂಬ ಪ್ರಶ್ನೆಗೆ ನಮ್ಮ ಜನರ ಹತ್ತಿರ ಎರಡೇ ಉತ್ತರ ಇದ್ದವು. ಚಹಾದಂಗಡಿಯ ಕಾಕಾ ಒಂದು ಪಕ್ಷ. “ಜ್ವಾಳದ ರೊಟ್ಟಿ ತಿಂದ ಮೈ ಇದು ತಮ್ಮಾ. ಮ್ಯಾಲ ನಮ್ಮೂರ ಬಿಸಲ ಬ್ಯಾರೆ. ಆ ವೈರಸ್ಸು ಬಂದ್ರೂ ಗೋಳಗುಮ್ಮಟ ನೋಡ್ಕೊಂಡು ಹಂಗ ವಾಪಸ್ ಹೋಗ್ತತಿ ತಗೋ!” ಪಕ್ಕದ ಬಳೆ ಅಂಗಡಿಯವನದು ಇನ್ನೊಂದು ಪಕ್ಷ. ಅವನು ಒಂದರ ಮೇಲೊಂದು ಎರಡು ಮಾಸ್ಕ್ ಹಾಕುತ್ತಿದ್ದ. ಚಹಾ ಬಂದೊಡನೆ ಎರಡನ್ನೂ ಗದ್ದಕ್ಕೆ ಇಳಿಸಿ, ನನ್ನ ಮುಖದ ಹತ್ತಿರವೇ ಬಂದು, “ಈ ಸಲ ಯಾರೂ ಉಳಿಯಂಗಿಲ್ಲ ನೋಡಲೇ” ಅನ್ನುತ್ತಿದ್ದ.

ನನ್ನದು ಮೂರನೆಯ ಪಕ್ಷ, ಸದಸ್ಯ ನಾನೊಬ್ಬನೇ. ಫ್ಲೂ ಬಂದವರಲ್ಲಿ ಮಲಗಿ, ನೀರು ಕುಡಿದು ಎದ್ದು ಕೂರುವವರೇ ಹೆಚ್ಚು. ಆದರೆ ಎಳೆಯ ಮಕ್ಕಳು, ಮುದುಕರು, ಉಬ್ಬಸದವರು, ಬಸುರಿಯರು ಇರುವ ಮನೆ ಮೈಮರೆಯಬಾರದು. ಹೆದರಿಕೆಯನ್ನು ಊರಿಗೆಲ್ಲ ಒಂದೇ ಸೇರಿನಲ್ಲಿ ಅಳೆಯಲಾಗದು. ನಮ್ಮ ಮನೆಗೆ ಒಂದು ಹಿಡಿ ಜಾಸ್ತಿಯೇ ಬೇಕಿತ್ತು, ಏಕೆಂದರೆ ತಿಕೋಟಾಕ್ಕೆ ಕೊಟ್ಟ ನಮ್ಮ ಅಕ್ಕ ತುಂಬಿದ ಬಸುರಿ. ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ಅವಳ ಕುಬಸ, ಅಂದರೆ ಸೀಮಂತದ ಶಾಸ್ತ್ರ, ನಿಗದಿಯಾಗಿತ್ತು. ತವರಿನವರು ಹಸಿರು ಸೀರೆ ಉಡಿಸಿ, ಶಾಸ್ತ್ರಕ್ಕೆ ಹೆಸರು ಕೊಟ್ಟ ಕುಬಸ ಎಂಬ ರವಿಕೆ ತೊಡಿಸುತ್ತಾರೆ. ಬಂದ ಮುತ್ತೈದೆಯರೆಲ್ಲ ಉಡಿ ತುಂಬಿ, ಗಲ್ಲ ಹಿಡಿದು, ತಮ್ಮ ಕೈಯಾರೆ ಬಾಯಿಗೆ ಸಿಹಿ ಇಡುತ್ತಾರೆ. ಫ್ಲೂ ಜ್ವರ ತಾನೇ ಕುಳಿತು ಒಂದು ಶಾಸ್ತ್ರ ಮಾಡಿಕೊಂಡಿದ್ದರೂ ಇಷ್ಟು ಅನುಕೂಲದ್ದು ಮಾಡಿಕೊಳ್ಳುತ್ತಿರಲಿಲ್ಲ. ಡಾಕ್ಟರಮ್ಮ ಅಕ್ಕನಿಗೆ ಫ್ಲೂ ಚುಚ್ಚುಮದ್ದು ಹಾಕಿ, “ಗಾಬರಿ ಬ್ಯಾಡ, ಆದ್ರ ಕೆಮ್ಮಾವರನ್ನ ದೂರ ಇಡ್ರಿ” ಎಂದಿದ್ದರು. ಆ ಜವಾಬ್ದಾರಿಯನ್ನು ಯಾರೂ ಕೊಡದಿದ್ದರೂ ನಾನೇ ತೆಗೆದುಕೊಂಡೆ.

ತೊಡಕು ಬಂದದ್ದು ಬಬಲೇಶ್ವರದ ದೊಡ್ಡವ್ವನಿಂದ. ಆಡು ಸಾಕಿಕೊಂಡಿರುವ ಈ ನಮ್ಮ ದೊಡ್ಡಪ್ಪನ ಹೆಂಡತಿಗೇ ಮನೆತನದ ಸೋಬಾನೆ ಹಾಡುಗಳೆಲ್ಲ ಬರುತ್ತಿದ್ದವು. “ದೊಡ್ಡವ್ವ ಹಾಡಲಿಲ್ಲಂದ್ರ ನಾ ಹಸರ ಸೀರಿ ಉಡಂಗಿಲ್ಲ” ಎಂದು ಅಕ್ಕ ಮೊದಲೇ ಹಟ ಹಿಡಿದಿದ್ದಳು. ಹಿಂದಿನ ದಿನ ಫೋನ್ ಮಾಡಿದರೆ ದೊಡ್ಡವ್ವನ ದನಿಗಿಂತ ಮೊದಲು ಕೆಮ್ಮು ಬಂತು.

“ದೊಡ್ಡವ್ವ, ಕೆಮ್ಮ ಐತೇನ?”

“ಕೆಮ್ಮಲ್ಲೋ, ಗಂಟಲಾಗ ಹೊಟ್ಟು ಹೊಕ್ಕೈತಿ.”

“ಮೈ ಬಿಸಿ ಐತೇನ?”

“ಜೀವಂತ ಅದೇನಿ, ಬಿಸಿ ಇರೂದ!”

ನಾನು ಓದಿದ್ದನ್ನೆಲ್ಲ ಹೇಳಿದೆ. ಆಕೆ ಆಕಳಿಸಿದ್ದು ಕೇಳಿಸಿತು. ಆಗ ನನಗೊಂದು ಮಾತು ಹೊಳೆಯಿತು. ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

“ಹೋಗ್ಲಿ ಬಿಡು. ಕೆಮ್ಮೂ ಆಡನ್ನ ಗಬ್ಬದ ಆಡಿನ ಬಾಜೂಕ ಕಟ್ಟತೀ ಏನ?”

“ಹುಚ್ಚಪ್ಪ, ಯಾರರ ಕಟ್ಟತಾರೇನ? ಆಚಿ ಗೂಟಕ್ಕ ಕಟ್ಟತೀನಿ.”

“ಮತ್ತ ನಾಳೆ ನೀ...”

“ನನ್ನ ಆಡ ಮಾಡಿದೇನಲೇ?” ಎಂದವಳೇ ಫೋನ್ ಇಟ್ಟಳು. ಪಕ್ಕದಲ್ಲಿದ್ದ ಅವ್ವ ಹಣೆ ಬಡಿದುಕೊಂಡಳು. “ಹಿರ್ಯಾಕಿಗೆ ಆಡ ಅಂದ್ಯಲ್ಲೋ! ಇನ್ನ ನಾಳೆ ಸೋಬಾನಿ ನೀನ ಹಾಡು.”

ಮರುದಿನ ನಾನು ಅಂಗಳದಲ್ಲಿ ಹಣೆಗೆ ಹಿಡಿದು ಜ್ವರ ನೋಡುವ ಬಂದೂಕಿನಂಥ ಯಂತ್ರದೊಂದಿಗೆ ನಿಂತೆ. ಮೊದಲು ಬಂದವರು ತಿಕೋಟಾದ ಅಕ್ಕನ ಅತ್ತೆ. ಕೆಂಪು ದೀಪ! “ಸೊಸಿನ್ನ ನೋಡಾಕ ಬಂದ್ರ ಬಂದೂಕ ತೋರಸ್ತೀರೇನ್ರಿ?” ಎಂದರು ಅವರು. ಅವರ ಹಿಂದೆ ಬಂದವರಿಗೂ ಕೆಂಪು, ಅವರ ಹಿಂದಿನವರಿಗೂ ಕೆಂಪು. ತಿಕೋಟಾ ಪೂರ್ತಿ ಜ್ವರದಿಂದ ಮಲಗಿದೆ ಎಂದುಕೊಂಡೆ. ಬೀಗಿತ್ತಿಯನ್ನು ಬಾಗಿಲಿನಿಂದ ತಿರುಗಿಸಿ ಕಳಿಸಿದರೆ ನಮ್ಮ ಗತಿ ಏನು? ಸಂಶಯ ಬಂದು ಯಂತ್ರವನ್ನು ತುಳಸಿಕಟ್ಟೆಗೆ ಹಿಡಿದೆ. ತುಳಸಿಕಟ್ಟೆಗೂ ಜ್ವರ ಇತ್ತು. ಚಳಿಗಾಲ ಎಂಬುದು ನಮ್ಮೂರಲ್ಲಿ ಬೆಳಗಿನ ಮಾತು, ಮಧ್ಯಾಹ್ನದ ಬಿಸಿಲಿಗೆ ಅದರ ಪರಿಚಯವಿಲ್ಲ ಎಂಬುದನ್ನು ನಾನೇ ಮರೆತಿದ್ದೆ. ಎಲ್ಲರನ್ನೂ ಬೇವಿನ ನೆರಳಿನಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟೆ. ಗಂಟಲು ತಣ್ಣಗಾಗುವಷ್ಟರಲ್ಲಿ ಎಲ್ಲರ ಜ್ವರವೂ ಇಳಿಯಿತು. ಒಬ್ಬ ಅಜ್ಜಿಯಂತೂ ತಾನಾಗಿಯೇ ಹಣೆ ಮುಂದೆ ಮಾಡಿ, “ಇನ್ನೊಮ್ಮಿ ನೋಡಪಾ, ಮಜ್ಜಗಿ ಭಾಳ ಚಲೋ ಆಗೈತಿ” ಎಂದಳು. ಮಜ್ಜಿಗೆ ಕುಡಿದ ಬಾಯಿಗಳು ನನ್ನ ಮುಂದಿನ ಕಾಯಿದೆಯನ್ನೂ ಒಪ್ಪಿದವು: ಸಿಹಿ ಅಕ್ಕನ ಬಾಯಿಗಲ್ಲ, ಅವಳ ಮುಂದಿನ ತಟ್ಟೆಗೆ.

ಎಲ್ಲ ಸರಿಹೋಯಿತು, ಹಾಡೊಂದಿಲ್ಲ. ಅಕ್ಕ ಹಸಿರು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಉಡದೆ ಕುಳಿತಿದ್ದಳು. ನನ್ನನ್ನು ನೋಡಲೂ ಇಲ್ಲ. ಅಷ್ಟರಲ್ಲಿ ಕಿಟಕಿಯ ಹೊರಗೆ ಯಾರೋ ಕೆಮ್ಮಿದರು. ನೋಡಿದರೆ ದೊಡ್ಡವ್ವ! ಮಗನ ಬೈಕಿನಲ್ಲಿ ಬಂದು, ಸೆರಗಿನಿಂದ ಮೂಗು ಬಾಯಿ ಸುತ್ತಿಕೊಂಡು, ಕಿಟಕಿಯಿಂದ ಒಂದಿಷ್ಟು ದೂರದಲ್ಲಿ ನಿಂತಿದ್ದಾಳೆ.

“ಒಳಗ ಬಾರಬೇ ಯಕ್ಕಾ” ಎಂದಳು ಅವ್ವ, ಕಣ್ಣು ತುಂಬಿಕೊಂಡು.

“ಬರಂಗಿಲ್ಲ. ನಿನ್ನ ಮಗಾ ಹೇಳ್ಯಾನ. ಇದ ನನ್ನ ಆಚಿ ಗೂಟ, ಇಲ್ಲಿಂದನ ಹಾಡತೀನಿ. ಸೀರಿ ಉಡಸ್ರಿ!”

ಹಾಡಿದಳು ನೋಡಿ! ಒಂದು ಸಾಲು ಹಾಡುವಳು, ಕೆಮ್ಮು ಬಂದರೆ ನಿಲ್ಲಿಸುವಳು; ಆ ಸಾಲನ್ನು ಒಳಗಿದ್ದ ಹೆಂಗಸರು ಎತ್ತಿಕೊಂಡು ಮುಂದೆ ಒಯ್ಯುವರು. ಇಷ್ಟು ವರ್ಷ ದೊಡ್ಡವ್ವ ಒಬ್ಬಳೇ ಹಾಡುತ್ತಿದ್ದ ಹಾಡು ಅವತ್ತು ಮನೆಯಲ್ಲಿದ್ದವರೆಲ್ಲರ ಬಾಯಿಗೂ ಬಂತು. ಅಕ್ಕ ಹಸಿರು ಸೀರೆಯಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು. ನನಗಂತೂ ಎದೆ ಗೋಳಗುಮ್ಮಟವಾಗಿತ್ತು. ಅವತ್ತು ಬಂದಿದ್ದ ಹೊನವಾಡದ ನೆಂಟರು ತಮ್ಮ ಮನೆಯ ಕುಬಸಕ್ಕೂ ಮಜ್ಜಿಗೆ, ಕಿಟಕಿ ಎರಡನ್ನೂ ಇಟ್ಟುಕೊಳ್ಳುತ್ತಾರಂತೆ. ಅಕ್ಕನಿಗೆ ಇವತ್ತಿನವರೆಗೆ ಒಂದು ಸೀನು ಕೂಡ ಬಂದಿಲ್ಲ. ಡಾಕ್ಟರಮ್ಮ ಚುಚ್ಚುಮದ್ದಿನ ಗುಣ ಎನ್ನಬಹುದು. ಸ್ವಲ್ಪ ಪಾಲು ನನಗೂ ಇರಲಿ.

ಹಾಗಾದರೆ ಜ್ವರ ಬರಲೇ ಇಲ್ಲವೇ ಎಂದು ಕೇಳುತ್ತೀರಿ. ಬಂತು. ಬಂದವರ ಹಣೆಯ ಹತ್ತಿರವೆಲ್ಲ ನಾನೇ ಮುಖ ಒಯ್ದಿದ್ದೆ. ಫೋಟೋದಲ್ಲಿ ಗುರುತು ಸಿಗಲಿ ಎಂದು ಮಾಸ್ಕನ್ನು, ಬಳೆ ಅಂಗಡಿಯವನ ಹಾಗೆಯೇ, ಗದ್ದಕ್ಕೆ ಇಳಿಸಿದ್ದೆ. ಈಗ ಮಾಳಿಗೆಯ ಕೋಣೆಯಲ್ಲಿ ಒಬ್ಬನೇ ಮಲಗಿದ್ದೇನೆ. ಅವ್ವ ಗಂಜಿಯನ್ನು ಬಾಗಿಲ ಹೊರಗಿಟ್ಟು ಇಳಿದು ಹೋಗುತ್ತಾಳೆ. ನಿನ್ನೆ ಗುಣವಾಗಿ ಬಂದ ದೊಡ್ಡವ್ವ ಮೆಟ್ಟಿಲ ಕೆಳಗೇ ನಿಂತು ಕೂಗಿದಳು: “ಏನೋ ಅರ್ಧ ಡಾಕ್ಟರ, ನಿನ್ನ ಯಾವ ಗೂಟಕ್ಕ ಕಟ್ಯಾರೋ?” ತಕ್ಕ ಉತ್ತರ ಕೊಡಬೇಕೆಂದು ಬಾಯಿ ತೆರೆದೆ, ಕೆಮ್ಮೇ ಬಂತು. ಕೆಳಗೆ ಮನೆಯೆಲ್ಲ ನಕ್ಕಿತು, ಅದರಲ್ಲಿ ಅಕ್ಕನ ನಗುವೇ ಜೋರಾಗಿತ್ತು.

ನಿಮ್ಮ ಮನೆಯಲ್ಲೂ ಕೆಮ್ಮುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಅವರನ್ನು ಹೇಗೆ ಒಪ್ಪಿಸಿದಿರಿ, ಅವರು ಏನೆಂದು ಬೈದರು, ಬರೆದು ತಿಳಿಸಿ. ಗೂಟಕ್ಕೆ ಕಟ್ಟಿಸಿಕೊಂಡವನಿಗೆ ಓದಲು ಬೇಕಾದಷ್ಟು ಹೊತ್ತಿದೆ.